ಕರಿಯನ ಮಾತ್ರೆ ಯಾರ ಬಾಯಿಗೆ?

ಕೇಳ್ರಪ್ಪಾ ಕೇಳಿ. ದೇವೀರಮ್ಮನಿಗೆ ಒಬ್ಬನೇ ಮಗ, ಹೆಸರು ಮಾಯಿಗ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಹೇಳಿದಂಗೇ ಮಾಡೋನು. ಅದೇ ಅವ್ವನ ಪ್ರಾರಬ್ಧ!

ಮನೇಲಿ ಕರಿಯ ಅಂತ ಒಂದು ನಾಯಿ. ದೇವೀರಮ್ಮ ಶಾಲೆಗೆ ಬಿಸಿಯೂಟ ಮಾಡೋಕೆ ಹೊರಟಳೋ ಇಲ್ಲವೋ, ಶುರುವಾಯ್ತು ಅದರ ಗೋಳು. ಊಳಿಡೋದು, ಬಾಗಿಲು ಕೆರೆಯೋದು, ಅದನ್ನ ಕಚ್ಚಿ ಬಾಯೆಲ್ಲ ರಕ್ತ ಮಾಡ್ಕೊಳ್ಳೋದು. ವಠಾರದ ಯಜಮಾನ ಜವರಪ್ಪ ಬಂದು, "ಈ ವಾರದೊಳಗೆ ಇದರ ಬಾಯಿ ನಿಲ್ಲಬೇಕು. ಇಲ್ದಿದ್ರೆ ನಾಯಿ ಆಚೆಗೆ!" ಅಂದ. ಗಂಡ ತಂದು ಸಾಕಿದ ನಾಯಿ. ಗಂಡ ಹೋದ, ನಾಯಿ ಉಳೀತು. ದೇವೀರಮ್ಮ ಅದನ್ನ ಕರ್ಕೊಂಡು ದನದ ಆಸ್ಪತ್ರೆಗೆ ಓಡಿದಳು.

ದನದ ಡಾಕ್ಟ್ರು ನೋಡಿ, "ನೀನು ಕಣ್ಮರೆಯಾದ್ರೆ ಇದಕ್ಕೆ ದಿಗಿಲು ಕಣಮ್ಮ. ಹೊರಡೋಕೆ ಒಂದು ಗಂಟೆ ಮುಂಚೆ ಮಾತ್ರೆ ಕೊಡು. ಒಂಟಿಯಾಗಿರೋದನ್ನೂ ಅಷ್ಟಷ್ಟೇ ಅಭ್ಯಾಸ ಮಾಡಿಸು" ಅಂದರು.

ಆ ಹೊತ್ತಿಗೆ ಅವಳು ನಲ್ಲಿ ನೀರಿಗೆ ನಿಲ್ಲಬೇಕು. "ಮಾಯಿಗಾ, ಕರಿಯಂಗೆ ಮಾತ್ರೆ ಕೊಡು ಕಣ್ಲಾ!" ಅಂದಳು. ಸಂಜೆ ಬಂದರೆ ಅದೇ ಊಳು, ಅದೇ ರಕ್ತ.

"ಕೊಟ್ಯೇನ್ಲಾ?"

"ಕೊಟ್ಟೆ ಕಣವ್ವ! ಅದೇ ಇಸ್ಕೊಳ್ಳಲಿಲ್ಲ!"

"ಅಯ್ಯೋ ಮಂಕೇ! ಬಾಯಿ ಬಡ್ಕೊಳ್ಳೋ ಪ್ರಾಣಿಗೆ ಸುಮ್ನೆ ನೀಡಿದ್ರೆ ತಿಂತದಾ? ಮುದ್ದೆ ತುತ್ತೊಳಗೆ ಹುದುಗ್ಸಿ, ಬಾಯಿಗಿಟ್ಟು, ಗಂಟ್ಲು ಸವರ್ಬೇಕು ಕಣ್ಲಾ!"

"ಹೂಂ ಕಣವ್ವ!"

ಮಾರನೇ ಬೆಳಿಗ್ಗೆ ಅವಳು ನೀರಿಗೆ ಹೋದಾಗ ಜವರಪ್ಪ ಬಂದು ನಿನ್ನೆಯ ಊಳಿಗೆ ಬಾಗಿಲಲ್ಲಿ ಕೂಗಾಡಿದ. ಕರಿಯ ತೆಪ್ಪಗೆ ಮಲಗಿತ್ತು. ಬಾಯಿ ಬಡ್ಕೊಳ್ತಿರೋನು ಇವನೇ ಅಂದುಕೊಂಡ ಮಾಯಿಗ. "ಒಂದು ತುತ್ತು ಉಣ್ಣಿ ಯಜಮಾನ್ರೇ!" ಅಂದ. ಮುದ್ದೆಯನ್ನ ಯಾರು ಅಗಿದು ತಿಂತಾರೆ? ಗುಳುಂ! ಜವರಪ್ಪ ನುಂಗಿದ. ಮಾಯಿಗ ಅವನ ಗಂಟಲನ್ನೂ ಸವರಿದ.

ಮಧ್ಯಾಹ್ನಕ್ಕೆ ಯಜಮಾನ ಜಗಲಿ ಮೇಲೆ ಗೊರಕೆ, ಒಳಗೆ ಕರಿಯನ ಊಳು. ಎಚ್ಚರಾದ ಮೇಲೆ ಕೇಳಬೇಕೆ, "ನಾಳೆ ಒಂದ್ಸಲ ಊಳಿಡ್ಲಿ, ನಾನೇ ಎಳ್ಕೊಂಡು ಹೋಗಿ ಬಿಟ್ಟು ಬರ್ತೀನಿ!" ಅಂತ ಎಗರಾಡಿದ.

ದೇವೀರಮ್ಮ ತಲೆ ಚಚ್ಚಿಕೊಂಡಳು. "ನಾಯಿ ಮಾತ್ರೇನ ಯಜಮಾನ್ರಿಗೆ ತಿನ್ನಿಸ್ತಾರೇನ್ಲಾ! ಉಳಿದಿರೋದು ಒಂದೇ. ನಾನು ಹೋದ್ರೆ ಯಾರಿಗೆ ಸಂಕಟ ಆಗ್ತದೋ ಅವರಿಗೆ ಕೊಡು ಕಣ್ಲಾ, ನನ್ನಪ್ಪಾ!"

"ಹೂಂ ಕಣವ್ವ!"

ಮಾರನೇ ದಿನ ಶಾಲೇಲಿ ಅವಳಿಗೆ ನಾಯಿಯದೇ ಯೋಚನೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಓಡೋಡಿ ಬಂದರೆ ವಠಾರ ಗಪ್‌ಚಿಪ್!

"ಇವತ್ತು ನಾಯಿ ಸದ್ದೇ ಇಲ್ಲ ಕಣಮ್ಮ, ಇರ್ಲಿ ಬಿಡು" ಅಂದ ಜವರಪ್ಪ.

ಅಬ್ಬ, ಮಗನಿಗೆ ಬುದ್ಧಿ ಬಂತಲ್ಲ ಅಂತ ಹಿಗ್ಗಿ ಬಾಗಿಲು ತೆಗೆದಳು. ಮಾಯಿಗ ನೆಲದ ಮೇಲೆ ಬಿದ್ದು ಗೊರಕೆ ಹೊಡೀತಿದ್ದ. ಕರಿಯ ಊಳಿಡೋದನ್ನ ಮರೆತು ಅವನ ತಲೆ ಹತ್ರ ಕಾವಲು ಕೂತಿತ್ತು, ಅಲುಗಾಡಲೂ ಇಲ್ಲ.

"ಏಳ್ಲಾ! ಮಾತ್ರೆ ಎಲ್ಲಿ?"

ಮಾಯಿಗ ಅರ್ಧ ಕಣ್ಣು ಬಿಟ್ಟ. "ನಾನೇ ನುಂಗ್ದೆ. ಗಂಟ್ಲೂ ಸವರ್ಕೊಂಡೆ. ನೀ ಹೋದ್ರೆ ಕರಿಯನಿಗಿಂತ ನಂಗೇ ಸಂಕಟ ಕಣವ್ವ."

ಹೊಡೆಯೋಕೆ ಎತ್ತಿದ ಕೈ ಅಲ್ಲೇ ನಿಂತಿತು. "ಅಯ್ಯೋ ನನ್ನ ಕರ್ಮವೇ! ಈಗಿಂದೀಗ್ಲೇ ಡಾಕ್ಟ್ರ ಹತ್ರ ನಡಿಯೋ!"

"ಹೂಂ ಕಣವ್ವ!" ಅಂದ ಮಾಯಿಗ. ತೂರಾಡ್ತಾ ಎದ್ದ, ಕರಿಯನ ಸರಪಳಿ ತಗೊಂಡು ತನ್ನ ಕತ್ತಿಗೆ ಹಾಕ್ಕೊಂಡು, ಇನ್ನೊಂದು ತುದೀನ ಅವ್ವನ ಕೈಗೆ ಕೊಟ್ಟ.