ದೊಡ್ಡೀರಮ್ಮನ ಒರಳು

ಯಾವ ಕಾಲ, ಯಾವ ದೊರೆ ಅಂತೆಲ್ಲ ಕೇಳಬೇಡಿ, ನಂಗೊತ್ತಿಲ್ಲ. ಬಲು ಹಿಂದೆ ಬಿಳಿಗಲ್ಲಹಟ್ಟಿ ಅಂತ ಒಂದೂರು, ಆ ಊರಲ್ಲಿ ದೊಡ್ಡೀರಮ್ಮ ಅಂತ ಮದ್ದು ಕೊಡೋಳು ಒಬ್ಬಳಿದ್ದಳಂತೆ. ಹೆರಿಗೆ ಮಾಡಿಸೋಳು, ಮುರಿದ ಕೈ ಕಟ್ಟೋಳು, ತಲೆ ಕೆಟ್ಟವರನ್ನ ಪಕ್ಕ ಕೂರಿಸಿಕೊಂಡು ಮಾತಾಡಿಸೋಳು. ಸುತ್ತ ಏಳು ಹಳ್ಳಿಗೂ ಅವಳದೇ ಮಾತು. ಅವಳು ಹುಚ್ಚು ಅಂದ್ರೆ ಹುಚ್ಚು, ಅಲ್ಲ ಅಂದ್ರೆ ಅಲ್ಲ.

ಅಂಥೋಳೂ ಒಂದ್ಸಲ ತಪ್ಪು ಮಾಡಿದಳಂತೆ. ಲಕ್ಕವ್ವ ಅನ್ನೋ ಹೊಸ ಸೊಸೆ ಕೈ ಮುರಕೊಂಡು ಬಂದಳು, ಜೊತೇಲಿ ಅತ್ತೆ. ಹೆಂಗಸಲ್ಲವಾ, ಕೂತಿರಲಿ ಅಂತ ಬಿಟ್ಟಳು. ಕೈ ಹೆಂಗೆ ಮುರೀತು ಅಂತ ಕೇಳಿದ್ದು ಸೊಸೆನ, ಕೆರೆ ಮೆಟ್ಟಲಲ್ಲಿ ಜಾರಿದಳು ಅಂತ ಹೇಳಿದ್ದು ಅತ್ತೆ. ಪಟ್ಟು ಕಟ್ಟಿ ಕಳಿಸಿದಳು. ತಿಂಗಳೊಳಗೆ ಲಕ್ಕವ್ವನ ಹೆಣ ಬಾವೀಲಿ ತೇಲಿತು. ದೊಡ್ಡೀರಮ್ಮ ಮೂರು ದಿನ ಒಲೆ ಹಚ್ಚಲಿಲ್ಲವಂತೆ. ನಾಲ್ಕನೇ ದಿನ ಒಳಗಿದ್ದ ಒರಳುಕಲ್ಲನ್ನ ಒಬ್ಬಳೇ ಉರುಳಿಸಿ ತಂದು ಅಂಗಳದ ಬೇವಿನ ಮರದಡಿ ಹಾಕಿದಳಂತೆ. ನಾಲ್ಕಾಳು ಹಿಡಿಯೋ ಕಲ್ಲು ಅದು. ಆರಾಳು ಅನ್ನೋರೂ ಇದ್ದಾರೆ.

ಅವತ್ತಿಂದ ಒಂದೇ ಕಟ್ಟಳೆ. ರೋಗಿ ಒಳಗೆ, ಕರಕೊಂಡು ಬಂದವರು ಆಚೆ. ಗಂಡನಾಗಲಿ, ಅತ್ತೆಯಾಗಲಿ, ಹೆತ್ತ ತಾಯಿಯೇ ಆಗಲಿ ಆಚೆ. ಬೇರು ನಾರು ಒರಳಿಗೆ ಹಾಕಿಕೊಟ್ಟು, ಸಾಕು ಅನ್ನೋವರೆಗೂ ಕುಟ್ಟಿ, ನಡುವೆ ನಿಲ್ಲಿಸಿದರೆ ಮದ್ದಿನ ಗುಣ ಹೋಗುತ್ತೆ ಅನ್ನೋಳು. ಗುಣನೂ ಇಲ್ಲ, ಮಣ್ಣೂ ಇಲ್ಲ! ಸದ್ದು ನಿಂತಿತು ಅಂದ್ರೆ ಬಾಗಿಲಿಗೆ ಕಿವಿ ಕೊಟ್ಟಿದಾರೆ ಅಂತ ಅವಳಿಗೆ ತಿಳೀತಿತ್ತು, ಅಷ್ಟೆ. ಕುಡಿದು ಬಂದೋನ ಒನಕೆ ಕಲ್ಲಿನ ಅಂಚಿಗೆ ಬಡಿಯೋದು. ಎಷ್ಟು ಬುಂಡೆ ಹೆಂಡ ಇಳಿಸಿದಾನೆ ಅಂತ ಒಳಗಿಂದಲೇ ಹೇಳೋಳಂತೆ.

ಹೀಗಿರೋವಾಗ ಪಟೇಲ ಚಿಕ್ಕರಂಗಪ್ಪ ತನ್ನ ಹೆಂಡತಿ ಹೊಂಬಾಳಿಯನ್ನ ಗಾಡೀಲಿ ಕೂರಿಸಿಕೊಂಡು ಬಂದ. ಇವಳಿಗೆ ಹುಚ್ಚು ಹಿಡಿದಿದೆ, ಆರು ತಿಂಗಳಿಂದ ಬಾಯೇ ಬಿಟ್ಟಿಲ್ಲ, ಹೌದು ಅಂತ ನೀನೊಂದು ಮಾತು ಹೇಳಿಬಿಡು ಅಂದನಂತೆ. ಅವಳು ಹೌದು ಅಂದ್ರೆ ಹೊಂಬಾಳಿಗೆ ಕೊಟ್ಟಿಗೇಲಿ ಸರಪಳಿ, ಇವನಿಗೆ ಇನ್ನೊಂದು ಮದುವೆ. ದೊಡ್ಡೀರಮ್ಮ ಹೇಳದೆ ನಾವು ಒಪ್ಪಲ್ಲ ಅಂತ ಹೊಂಬಾಳಿಯ ಅಣ್ಣಂದಿರು ಕೂತಿದ್ರು, ಅದಕ್ಕೇ ಬಂದಿದ್ದು. ಇಲ್ಲದಿದ್ರೆ ಆ ಮಹಾರಾಯ ಬರ್ತಿದ್ನಾ?

ಪಟೇಲನಾದೋನು ಒನಕೆ ಹಿಡಿಯೋದಾ ಅಂತ ಮೀಸೆ ತಿರುವಿದ. ಹಿಡೀಬೇಡಿ, ಗಾಡಿ ತಿರುಗಿಸಿ ಅಂದಳಂತೆ ಇವಳು. ವಿಧಿಯಿಲ್ಲದೆ ಹಿಡಿದ. ನೋಡೋಕೆ ಊರಿಗೆ ಊರೇ ಸೇರಿತು.

ಒಳಗೆ ದೊಡ್ಡೀರಮ್ಮ ಹೊಂಬಾಳಿಯನ್ನ ಮುಂದೆ ಕೂರಿಸಿಕೊಂಡು ತಲೆ ಬಾಚೋಕೆ ಶುರು ಮಾಡಿದಳು. ಬಾಚ್ತಾ ಬಾಚ್ತಾ, ಉಪ್ಪು, ಹಗ್ಗ, ಹುಣಸೆಹಣ್ಣು, ಈ ಮೂರನ್ನ ಮನಸಲ್ಲಿಟ್ಟುಕೋ, ಆಮೇಲೆ ಕೇಳ್ತೀನಿ ಅಂದಳು. ಇವತ್ತು ಯಾವ ವಾರ, ಬರೋ ದಾರೀಲಿ ಏನು ಕಂಡೆ, ನಿನ್ನೆ ಏನಡಿಗೆ ಅಂತ ಕೇಳಿದಳು. ಹೊಂಬಾಳಿ ಪಿಸುಮಾತಲ್ಲಿ ಒಂದೊಂದಕ್ಕೂ ಸರಿಯಾಗಿ ಹೇಳಿದಳು. ಬಾಚಣಿಗೆಗೆ ತಲೆ ತುಂಬ ಬುಗುಟು ಸಿಕ್ತಿದ್ದವು, ಹಳೇವೂ ಹೊಸವೂ. ಮನಸಲ್ಲಿಟ್ಟುಕೊಂಡ ಮೂರು ಯಾವುದವ್ವ ಅಂದ್ರೆ, ಮೂರನ್ನೂ ಹೇಳಿದಳು.

ಆಗ ದೊಡ್ಡೀರಮ್ಮ ಬಾಚಣಿಗೆ ಕೆಳಗಿಟ್ಟು ನೇರ ಕೇಳಿದಳಂತೆ. "ನಿನ್ನ ಯಾರು ಹೊಡೀತಾರೆ ಮಗಳೇ?"

ಆ ಮಾತು ಅವಳನ್ನ ಅದುವರೆಗೂ ಯಾರೂ ಕೇಳಿರಲಿಲ್ಲ. ಅಷ್ಟರಲ್ಲಿ ಆಚೆ ಒರಳು ಸುಮ್ಮನಾಯ್ತು. ಹೊಂಬಾಳಿ ಬಾಗಿಲ ಕಡೆ ತಿರುಗಿದಳು. ದೊಡ್ಡೀರಮ್ಮ ಕೂತಲ್ಲಿಂದಲೇ ಗದರಿದಳು, "ಕುಟ್ಟಿ ಪಟೇಲರೇ." ಅಂಚಿಗೆ ಬಡೀತಾ ಬಡೀತಾ ಒನಕೆ ಮತ್ತೆ ಶುರುವಾಯ್ತು. ಆ ಸದ್ದಿನ ಮರೇಲಿ ಹೊಂಬಾಳಿ ಎಲ್ಲ ಹೇಳಿಕೊಂಡಳು. ಹೊತ್ತು ನೆತ್ತಿಗೆ ಬರೋವರೆಗೂ ಹೇಳಿದಳು, ಪಟೇಲ ಅಲ್ಲೀವರೆಗೂ ಕುಟ್ಟಿದ. ಒರಳು ಒಂದು ಗೇಣು ಆಳ ಆಯ್ತು ಅಂತಾರೆ.

ದೊಡ್ಡೀರಮ್ಮ ಆಚೆ ಬಂದು ಸೇರಿದ್ದ ಜನದ ಮುಂದೆ ಹೇಳಿದಳಂತೆ. "ಇವಳ ಬುದ್ಧಿ ನೆಟ್ಟಗಿದೆ. ಮದ್ದು ಬೇಕಾಗಿರೋದು ಕುಡಿದು ಕೈ ಎತ್ತೋನಿಗೆ. ಇವಳು ಇಲ್ಲೇ ಇರ್ತಾಳೆ."

ಪಟೇಲ ಬರೀ ಗಾಡಿ ಹೊಡಕೊಂಡು ಹೋದ. ಆಮೇಲೆ ಹೆಂಡ ಬಿಟ್ಟು ಒಳ್ಳೆಯವನಾದ ಅಂತ ಕೆಲವರು ಹೇಳ್ತಾರೆ. ನಾನಂತೂ ನಂಬಲ್ಲ. ಹೊಂಬಾಳಿ ಮಾತ್ರ ದೊಡ್ಡೀರಮ್ಮನ ಹತ್ತಿರವೇ ವಿದ್ಯೆ ಕಲಿತು, ಎಪ್ಪತ್ತು ವರ್ಷ ಬಾಳಿದಳಂತೆ.

ಈಗಲೂ ನಮ್ಮ ಸೀಮೇಲಿ ಮಗಳನ್ನ ತವರಿಗೆ ಕರಕೊಂಡು ಬಂದ ಅಳಿಯ, ಕಾಲು ತೊಳೆದ ಮೇಲೆ ಮೊದಲು ಅಂಗಳದ ಒರಳಲ್ಲಿ ಒಂದು ಸೇರು ಮೆಣಸಿನಕಾಯಿ ಕುಟ್ಟಬೇಕು. ನಾದಿನಿಯರು ನಗ್ತಾರೆ, ಅವನೂ ತಮಾಷೆ ಅಂದುಕೊಂಡು ಕುಟ್ತಾನೆ. ಒಳಗೆ ಅಜ್ಜಿಯಾದವಳು ಮೊಮ್ಮಗಳ ತಲೆ ಬಾಚ್ತಾ ಆ ಒಂದು ಮಾತು ಕೇಳ್ತಾಳೆ. ಮುಕ್ಕಾಲು ಪಾಲು ಹೆಣ್ಣುಮಕ್ಕಳು, ಹೋಗಜ್ಜಿ, ಅಂಥದ್ದೇನಿಲ್ಲ ಅಂತಾರೆ. ನನ್ನ ಮೊದಲ ಗಂಡನೂ ಅಲ್ಲೇ ಕೂತು ಕುಟ್ಟಿದ. ನಾನು ಹಾಗನ್ನಲಿಲ್ಲ. ಅವನು ಒಬ್ಬನೇ ಊರಿಗೆ ಹೋದ, ಅದಕ್ಕೇ ಇವತ್ತು ನಿಮ್ಮ ಮುಂದೆ ಕೂತು ಈ ಕತೆ ಹೇಳ್ತಿದೀನಿ.