ಕೆಂಚಿಯ ಐದು ಮೊನೆಯ ಹಲ್ಲು

ಲೋಕಕ್ಕೆ ಇನ್ನೂ ಹಸಿಮಣ್ಣಿನ ವಾಸನೆ ಇದ್ದ ಕಾಲ ಅದು. ಎಲ್ಲೆಲ್ಲಿ ಎಷ್ಟೆಷ್ಟು ಸುರಿಯಬೇಕು ಅನ್ನುವುದು ಮೋಡಗಳಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ. ಸುಮ್ಮನೆ ಎಲ್ಲವೂ ಸೇರಿ ಅಮೆಜಾನ್ ನದಿಯ ಮೇಲೆ ಸುರಿದುಬಿಡುತ್ತಿದ್ದವು. ನದಿ ಉಕ್ಕಿ ಕಾಡಿನೊಳಗೆ ನುಗ್ಗುತ್ತಿತ್ತು.

ಆಗ ಮೀನುಗಳಿಗೆ ಹಬ್ಬವೋ ಹಬ್ಬ. ಹಕ್ಕಿ ಕೂರುವ ಕೊಂಬೆಗಳ ನಡುವೆ ಮೀನು ಈಜುತ್ತಿತ್ತು. ಮರಗಳು ನೀರಿಗೆ ಹಣ್ಣು ಉದುರಿಸುತ್ತಿದ್ದವು.

ಆ ನದಿಯಲ್ಲಿ ಕೆಂಚಿ ಎಂಬ ಪಿರಾನ್ಹಾ ಮೀನು ಇದ್ದಳು. ದುಂಡು ಮೈ, ಕೆಂಪು ಹೊಟ್ಟೆ, ಜಗಳಕ್ಕೆ ನಿಂತವರ ಹಾಗೆ ಮುಂದೆ ಚಾಚಿದ ದವಡೆ. ಆಗೆಲ್ಲ ಪಿರಾನ್ಹಾಗಳ ಹಲ್ಲಿಗೆ ಒಂದೇ ಮೊನೆ, ಕತ್ತಿಯ ತುದಿಯಂಥ ಮೊನೆ. ಅವಳ ದಾಯಾದಿಗಳು ಸಿಕ್ಕಿದವರನ್ನೆಲ್ಲ ಕಚ್ಚುತ್ತಿದ್ದರು. ಕೆಂಚಿಗೆ ಮಾತ್ರ ಮಾಂಸ ಸೇರುತ್ತಿರಲಿಲ್ಲ. ಅವಳಿಗೆ ಹಣ್ಣೇ ಬೇಕು.

ಹಿಂದಿನ ನೆರೆಯಲ್ಲಿ ದಾಯಾದಿಗಳು ಕಾಡಿಗೆ ನುಗ್ಗಿ ಹತ್ತಾರು ಮೀನುಗಳ ಬಾಲ ಕತ್ತರಿಸಿದ್ದರು. ಮುದಿ ಅತ್ತಿಮರದ ಬೇರಿಗೂ ಹಲ್ಲು ಹಾಕಿದ್ದರು. ಅದಕ್ಕೇ ಈ ಸಲ ಕಾಡು ತನ್ನ ಬಾಯಿಗೆ ಅಡ್ಡಲಾಗಿ ಬಳ್ಳಿಯ ತಡಿಕೆ ಹೆಣೆದುಕೊಂಡಿತು. ನಡುವೆ ಒಂದೇ ಬಾಗಿಲು. ಬಾಗಿಲಲ್ಲಿ ಆಮೆ ಚಿಪ್ಪಣ್ಣ.

ಚಿಪ್ಪಣ್ಣ ಬುದ್ಧಿವಂತ. ಪಿರಾನ್ಹಾದ ಆಕಾರಕ್ಕೆ ಸರಿಯಾಗಿ ಒಂದು ಎಲೆ ಕತ್ತರಿಸಿ ಇಟ್ಟುಕೊಂಡಿದ್ದ. ಬಂದ ಮೀನಿನ ಪಕ್ಕಕ್ಕೆ ಎಲೆ ಹಿಡಿಯುವುದು, ಹೊಂದಿತೋ, ಹಿಂದಕ್ಕೆ ಕಳಿಸುವುದು.

ಕೆಂಚಿ ಬಂದಳು. ಎಲೆ ಹಿಡಿದ. ಅಳತೆ ತೆಗೆದು ಹೊಲಿಸಿದ ರವಿಕೆಯ ಹಾಗೆ ಹೊಂದಿತು.

"ಹಿಂದಕ್ಕೆ!"

"ಕಚ್ಚಿದ್ದು ನಾನಲ್ಲ, ಚಿಪ್ಪಣ್ಣ. ಹೊಟ್ಟೆ ತುಂಬ ಮೊಟ್ಟೆ ಇದೆ. ನೆರೆ ಇಳಿಯುವುದರೊಳಗೆ ಒಳಗಿನ ಬೇರುಗಳ ಮರೆಯಲ್ಲಿ ಇಡಬೇಕು. ಹೊರಗೆ ಇಟ್ಟರೆ ಒಂದೂ ಉಳಿಯಲ್ಲ."

"ಎಲೆ ಸುಳ್ಳು ಹೇಳಲ್ಲ ತಾಯಿ."

ಅಷ್ಟರಲ್ಲಿ ಪಾಕಮ್ಮ, ಪಿರಾನ್ಹಾಗಳಿಗೆ ದೂರದ ನೆಂಟರಾದ, ಹಣ್ಣು ತಿಂದು ಬದುಕುವ ಪಾಕು ಜಾತಿಯ ಮೀನು, ಮಕ್ಕಳ ದಂಡು ಕಟ್ಟಿಕೊಂಡು ಬಂದಳು. ಆ ಮಕ್ಕಳೂ ದುಂಡಗೆ, ಕೆಂಪಗೆ. ಎಲೆ ಅವಕ್ಕೂ ಹೊಂದಿತು. "ಅಯ್ಯೋ, ಇವು ನಮ್ಮನೆಯವು ಕಣಪ್ಪ" ಅಂದಳು ಪಾಕಮ್ಮ. "ಹಾಗೋ, ಹೋಗಲಿ ಬಿಡಿ" ಅಂದ ಚಿಪ್ಪಣ್ಣ.

ಕೆಂಚಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಮೀನಿಗೆ ರೆಪ್ಪೆ ಇಲ್ಲ, ಆ ಮಾತು ಬೇರೆ.

ಪಾಕಮ್ಮ ಕೆಟ್ಟವಳಲ್ಲ. ಹತ್ತಿರ ಬಂದು ಪಿಸುಗುಟ್ಟಿದಳು: "ನಮ್ಮಲ್ಲಿ ಬೆಳೆದವರಿಗೆ ಕೆಂಪು ಇರಲ್ಲ. ಹೊಟ್ಟೆಯನ್ನ ಮರಳಿಗೆ ಉಜ್ಜಿ ಆ ಕೆಂಪು ತೆಗಿ. ದವಡೆ ಒಳಗೆ ಎಳ್ಕೊ. ನನ್ನ ತಂಗಿ ಮಗಳು ಅಂತ ಹೇಳಿಬಿಡ್ತೀನಿ."

"ನಿನಗೆ ತಂಗೀನೇ ಇಲ್ವಲ್ಲ ಪಾಕಮ್ಮ! ಇದು ನನ್ನ ಹೊಟ್ಟೆ, ನನ್ನ ಕೆಂಪು. ನಾನು ಯಾಕೆ ಉಜ್ಜಲಿ?"

"ಹಂಗಾದ್ರೆ ಉಪವಾಸ ಬೀಳು" ಎಂದು ಪಾಕಮ್ಮ ಒಳಗೆ ಹೋದಳು.

ಇದನ್ನೆಲ್ಲ ನೋಡುತ್ತಿದ್ದ ದಾಯಾದಿಗಳ ಯಜಮಾನ ಗರಗಸಪ್ಪ ನಗುತ್ತಾ ಬಂದ. "ನೋಡಿದ್ಯೇನೇ? ಅವರಿಗೆ ನೀನೂ ನಾವೂ ಒಂದೇ. ಮೈಗೆ ಹತ್ತಿದ ಹೆಸರು ಬಾಯಿಗೂ ಹತ್ತಲಿ. ಬಾ, ಒಂದು ಬಾಲ ಕಚ್ಚು, ನಮ್ಮ ಜೊತೆಗಿರು. ನಿನ್ನ ಮೊಟ್ಟೆ ನಾವು ಕಾಯ್ತೀವಿ."

ಕೆಂಚಿಯ ಹೊಟ್ಟೆ ಹಸಿವಿಗೆ ಚುರುಗುಟ್ಟುತ್ತಿತ್ತು. ಒಂದೇ ಒಂದು ಬಾಲ. ಎದುರಿಗೇ ಒಂದು ಹಾದುಹೋಯಿತು ಕೂಡ.

"ಕಚ್ಚಲ್ಲ" ಅಂದಳು.

"ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಎಲ್ಲಿಗೆ ಹೋಗ್ತೀಯ?"

"ಒಳಗೆ ಹೋಗ್ತೀನಿ."

ಹೋಗಿ ತಡಿಕೆಯ ಒಂದು ಮೂಲೆಗೆ ಹಲ್ಲು ಹಾಕಿದಳು.

ಆ ಬಳ್ಳಿಯೋ, ಕಬ್ಬಿಣ. ಮೊದಲ ದಿನ ಕಡಿದಳು, ಸಿಪ್ಪೆ ಕೂಡ ಏಳಲಿಲ್ಲ. ಎರಡನೆಯ ದಿನ ಕಡಿದಳು, ಹಲ್ಲಿನ ಮೊನೆ ಮುರಿಯಿತು. ಮೂರನೆಯ ದಿನ ಮುರಿದ ಹಲ್ಲಿನಲ್ಲೇ ಕಡಿದಳು. ನೀರು ಬಂದು ಹೇಳಿತು: "ಕೆಂಚಿ, ನಾನು ಇನ್ನು ಇಳಿಯಬೇಕಲ್ಲೇ." "ಇಳಿ, ನಿನ್ನ ಕೆಲಸ ನೀನು ಮಾಡು" ಅಂದಳು, ಮತ್ತೆ ಕಡಿದಳು. ಮೀನಿನ ಹಲ್ಲು ಬಿದ್ದರೆ ಹೊಸದು ಬರುತ್ತದೆ, ಅದೊಂದು ಪುಣ್ಯ. ಆದರೆ ಬಳ್ಳಿಯ ನಾರಿಗೆ ಉಜ್ಜಿ ಉಜ್ಜಿ, ಹೊಸ ಹಲ್ಲುಗಳೂ ಬೇರೆಯೇ ಆಕಾರ ಕಲಿತು ಬಂದವು. ಒಂದು ದೊಡ್ಡ ಮೊನೆಯ ಜಾಗದಲ್ಲಿ ಐದು ಸಣ್ಣ ಮೊನೆ. ಸಮ ಸಮ, ಬೇವಿನ ಎಳೆ ಎಲೆಯ ಅಂಚಿನಂತೆ.

ನೀರು ಮೊಣಕಾಲುದ್ದ ಇಳಿದ ಹೊತ್ತಿಗೆ ತಡಿಕೆಯಲ್ಲಿ ಒಂದು ಮೀನು ನುಸುಳುವಷ್ಟು ತೂತು ಬಿತ್ತು. ಕೆಂಚಿ ಒಳಗೆ ನುಗ್ಗಿದಳು. ನುಗ್ಗಿದ್ದೇ ತಡ, ಕೂಗಾಟ.

"ಬಂತು! ಕಚ್ಚೋ ಜಾತಿ ಬಂತು!" ಪಾಕಮ್ಮ ಮಕ್ಕಳನ್ನು ಈಜುರೆಕ್ಕೆಯ ಕೆಳಗೆ ಎಳೆದುಕೊಂಡಳು. ಚಿಪ್ಪಣ್ಣ ಏದುಸಿರು ಬಿಡುತ್ತಾ ಬಂದು ದಾರಿಗೆ ಅಡ್ಡ ನಿಂತ. "ತಡಿಕೆ ಕಡಿದವಳು ಬಾಲ ಕಡಿಯಲ್ವಾ? ಎಳೆದು ಹೊರಗೆ ಹಾಕಿ!"

ಕೆಂಚಿ ಜಾಗ ಬಿಟ್ಟು ಕದಲಲಿಲ್ಲ. "ಹೌದು, ಕಡಿದೆ. ನಿಮ್ಮ ಬಾಗಿಲು ಸರಿಯಿದ್ದಿದ್ದರೆ ಕಡೀತಿರಲಿಲ್ಲ. ಬಾಲ ಕಚ್ಚಿದ್ದು ನಾನಲ್ಲ. ಬೇಕಾದರೆ ಹಲ್ಲಿನ ಗುರುತು ನೋಡಿ."

ಅತ್ತಿಮರ ಇದುವರೆಗೆ ಸುಮ್ಮನಿತ್ತು. ಈಗ ನಿಧಾನಕ್ಕೆ ಕೊಂಬೆ ಬಗ್ಗಿಸಿ ತಡಿಕೆಯ ತೂತನ್ನು ಸವರಿ ನೋಡಿತು. ಆಮೇಲೆ ತನ್ನ ಬೇರಿನ ಹಳೆಯ ಗಾಯವನ್ನು ಸವರಿ ನೋಡಿತು.

"ನನ್ನ ಬೇರಿಗೆ ಬಿದ್ದಿದ್ದು ಕತ್ತಿ ಏಟು" ಅಂದಿತು ಮರ. "ಇಲ್ಲಿ ನೋಡಿದರೆ ಒಂದೊಂದು ಹಲ್ಲಿಗೂ ಐದೈದು ಗೀರು. ಬಾಲ ಕಚ್ಚುವವಳು ಹಸಿದುಕೊಂಡು ಹೀಗೆ ಬಳ್ಳಿಗೆ ಹಲ್ಲು ಸವೆಸುತ್ತಿದ್ದಳಾ? ಬಾಯಿ ತೆಗಿ ಮಗಳೇ."

ಕೆಂಚಿ ಬಾಯಿ ತೆರೆದಳು. ಎಲ್ಲರೂ ಬಗ್ಗಿ ನೋಡಿದರು. ಹಲ್ಲಿಗೆ ಐದೈದು ಮೊನೆ ಎಣಿಸಿ ದಾರಿ ಬಿಟ್ಟರು.

ಮರ ಮೈ ಕೊಡವಿತು. ಪಟಪಟನೆ ಹಣ್ಣು ಉದುರಿತು. ಕೆಂಚಿ ತಿಂದಳು, ತಿಂದು ಬೇರಿನ ಮರೆಗೆ ಹೋಗಿ ಮೊಟ್ಟೆ ಇಟ್ಟಳು. ಆಮೇಲಷ್ಟೇ ತಿರುಗಿ ನೋಡಿದಳು.

ಚಿಪ್ಪಣ್ಣ ಎಲೆ ಹಿಡಿದುಕೊಂಡು ಇನ್ನೂ ಅಲ್ಲೇ ನಿಂತಿದ್ದ. "ಅಲ್ಲಮ್ಮ, ಒಂದು ಉಪಕಾರ ಮಾಡು. ಬಾಲಕ್ಕೊಂದು ಪಟ್ಟೆನೋ, ಬೆನ್ನಿಗೊಂದು ಚುಕ್ಕೆನೋ ಹಾಕ್ಕೊ. ದೂರದಿಂದಲೇ ಗುರುತು ಸಿಗಲಿ. ಒಬ್ಬೊಬ್ಬರ ಬಾಯಿ ತೆಗೆಸಿ ನೋಡ್ತಾ ಕೂತರೆ ನನ್ನ ಕೆಲಸ ಮುಗಿಯೋದು ಯಾವಾಗ?"

"ನೋಡೋದು ನಿನ್ನ ಕೆಲಸ ಚಿಪ್ಪಣ್ಣ. ನಿನಗೆ ಸುಲಭ ಆಗಲಿ ಅಂತ ನಾನು ಬಣ್ಣ ಬಳ್ಕೊಳ್ಳಲ್ಲ."

ಬಳಿದುಕೊಳ್ಳಲೂ ಇಲ್ಲ. ಅವಳ ಮಕ್ಕಳೂ ಇಲ್ಲ, ಮೊಮ್ಮಕ್ಕಳೂ ಇಲ್ಲ. ಅದೇ ದುಂಡು ಮೈ, ಅದೇ ಕೆಂಪು ಹೊಟ್ಟೆ, ಅದೇ ಜಗಳದ ದವಡೆ.

ಅದಕ್ಕೇ ಮಕ್ಕಳೇ, ಇವತ್ತಿಗೂ ಆ ನದಿಯಲ್ಲಿ ಬಲೆ ಹಾಕಿದವರು ಕೆಂಚಿಯ ಕುಲದ ಮೀನನ್ನು ಪಕ್ಕದಿಂದ ನೋಡಿ ಬೇರೆ ಯಾವುದೋ ಹೆಸರು ಬರೆದುಬಿಡುತ್ತಾರೆ. ಸರಿಯಾದ ಹೆಸರು ಬೇಕೆಂದರೆ, ಎಷ್ಟೇ ದೊಡ್ಡ ವಿಜ್ಞಾನಿಯಾಗಲಿ, ಮೊಣಕಾಲೂರಿ ಕೂತು, ಅದರ ತುಟಿ ಸರಿಸಿ, ಹಲ್ಲಿನ ಮೊನೆ ಎಣಿಸಲೇಬೇಕು.