ಬಾಮೈದನ ಬಂಡೆ

ಮಗುವಿಗೆ ಹಾಲು ಕೊಡಲು ಕೂತರೆ ಸಾಕು, ಹೊರಗೆ ಜೀಪಿನ ಹಾರ್ನು. ಇವತ್ತಿಗೆ ಇದು ಮೂರನೆಯದು. ತಮಿಳುನಾಡಿನ ಗಡಿಗೆ ಅಂಟಿಕೊಂಡ ನಮ್ಮ ಸೋಲಿಗರ ಪೋಡನ್ನು, ಅಂದರೆ ಹಾಡಿಯನ್ನು, ದಾಟಿಯೇ ಬೆಟ್ಟದ ಗುಡಿಗೆ ಹೋಗಬೇಕು. ಹೋಗುವವರೆಲ್ಲ ನಮ್ಮ ಬಾಗಿಲಲ್ಲೇ ನಿಂತು ಬಾಮೈದನ ಬಂಡೆ ಎಲ್ಲಿ ಎಂದು ಕೇಳಬೇಕು. ಗುಡಿಯ ಹಿಂದೆ ಕಣಿವೆಯ ಕಡೆಗೆ ಬಾಗಿ ನಿಂತಿರುವ ಕಪ್ಪು ಬಂಡೆಯೇ ಅದು. ಅದರ ನೆತ್ತಿಯಲ್ಲಿ, ಮೊಣಕಾಲೂರಿ ಕೂತ ಮನುಷ್ಯನಂಥ ಒಂದು ಕಲ್ಲಿದೆ. 'ಭಕ್ತನೊಬ್ಬ ದೇವರಿಗೆ ಪ್ರಾಣ ಅರ್ಪಿಸಿದ ಸ್ಥಳ' ಎಂದು ಪಕ್ಕದಲ್ಲಿ ಬೋರ್ಡು ಹಾಕಿದ್ದಾರೆ. ಅರ್ಪಿಸಿದನಂತೆ! ನಮ್ಮ ಹಿರಿಯರು ಹೇಳುವುದು ಬೇರೆ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ನಮ್ಮ ಪೋಡಿನಲ್ಲಿ ಜಡೆಯ ಎಂಬ ಜೇನು ಕೀಳುವವನಿದ್ದ. ಬಂಡೆಯ ಹೊಟ್ಟೆಗೆ ಕಟ್ಟಿದ ಹೆಜ್ಜೇನು ಕೀಳಲು ಬಳ್ಳಿ ಹಿಡಿದು ಇಳಿಯಬೇಕು. ಬೋಳು ಬಂಡೆ, ಬಳ್ಳಿ ಕಟ್ಟಲು ಗಿಡಮರವಿಲ್ಲ. ಕಲ್ಲಿನ ಮೊನೆಗೆ ಒಂದು ಸುತ್ತು ಹಾಕಿ ಮೇಲೊಬ್ಬ ಹಿಡಿದಿರಬೇಕು. ಹಾಗೆ ಹಿಡಿಯುವವನು ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು, ಬೇರೆಯವರು ಬಳ್ಳಿ ಮುಟ್ಟುವಂತಿಲ್ಲ. ಜೇನು ಮುಖಕ್ಕೆ ಮುತ್ತಿದರೂ ಅವನು ಕೈ ಬಿಡುವುದಿಲ್ಲ. ಬಿಟ್ಟರೆ ತಾಳಿ ಕಳೆದುಕೊಳ್ಳುವವಳು ಅವನ ಒಡಹುಟ್ಟಿದವಳೇ.

ಆ ವರ್ಷ ಪಾಳೆಯಗಾರನ ಮಗನ ಹೆಸರಿನಲ್ಲಿ ಅಭಿಷೇಕ, ಮಧ್ಯಾಹ್ನದೊಳಗೆ ಜೇನು ಬೇಕು ಎಂದು ಗುಡಿಯ ಪಾರುಪತ್ಯಗಾರ ಬೆಳಿಗ್ಗೆಯೇ ಆಳುಗಳೊಂದಿಗೆ ಬಂದ. ಜಡೆಯನ ಬಾಮೈದ ಬೊಮ್ಮ ಮೂರು ಬೆಟ್ಟದಾಚೆ ಇದ್ದ. ಜಡೆಯನ ಹೆಂಡತಿ ಕೇತಮ್ಮ ಅಡ್ಡ ನಿಂತಳು.

"ಬುದ್ಧೀ, ನನ್ ತಮ್ಮ ಬರಗಂಟ ತಡೀರಿ. ಹೇಳಿ ಕಳ್ಸಿವ್ನಿ, ಬತ್ತನೆ."

"ದೇವ್ರು ನಿನ್ ತಮ್ಮನಿಗೆ ಕಾಯ್ತಾ ಕೂರ್ಬೇಕೇನೇ? ನಮ್ಮಾಳು ಹಿಡೀತಾನೆ. ಅವನದೂ ಕೈಯೇ ಅಲ್ವಾ?"

"ಕೈಯೇನೋ ಅದೆ ಬುದ್ಧಿ. ಕಚ್ಚುಸ್ಕಂಡು ನಿಂತ್ಕಳಕ್ಕೆ ಅವನಿಗೆ ನಾನೇನಾಗ್ಬೇಕು?"

ಪಾರುಪತ್ಯಗಾರ ನಕ್ಕು ಚಾಟಿಯತ್ತ ಕೈ ಮಾಡಿದ. ಜಡೆಯ ಇಳಿದ. ಮೊದಲ ಬುಟ್ಟಿ ಮೇಲೆ ಬಂತು. ಎರಡನೆಯದಕ್ಕೆ ಹೆಜ್ಜೇನು ಎದ್ದವು. ಮುಖಕ್ಕೆ ಮುತ್ತಿದ್ದೇ ತಡ, ಆಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಷ್ಟೇ. ಬೊಮ್ಮ ಓಡಿ ಬಂದಾಗ ಹೊತ್ತು ಇಳಿಯುತ್ತಿತ್ತು. ಅಕ್ಕನ ಮುಖ ನೋಡಲಾರದೆ ಬಂಡೆಯ ತುದಿಗೆ ಹೋಗಿ, ಇಲ್ಲದ ಬಳ್ಳಿಯನ್ನು ಹಿಡಿದವನಂತೆ ಮುಷ್ಟಿ ಬಿಗಿದು ಮೊಣಕಾಲೂರಿದ. ಯಾರು ಕರೆದರೂ ಏಳಲಿಲ್ಲ, ಹಾಗೇ ಕಲ್ಲಾದ ಎನ್ನುತ್ತಾರೆ. ಅಭಿಷೇಕ ಮಾತ್ರ ಹೊತ್ತಿಗೆ ಸರಿಯಾಗಿ ಮುಗಿದಿತ್ತು, ಮೊದಲ ಬುಟ್ಟಿಯ ಜೇನಿನಲ್ಲಿ.

ಈಗ ಬರುವವರು ಆ ಕಲ್ಲಿನ ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಗುಡಿಯಲ್ಲಿ ಜೇನು ಬೆರೆಸಿದ ತೀರ್ಥ ಕುಡಿದು ಇಳಿಯುತ್ತಾರೆ. ಜೇನು ಇವತ್ತಿಗೂ ನಮ್ಮ ಪೋಡಿನದೇ. ಏನು ಕೇಳಿದರೂ ಥಟ್ಟನೆ ಹೇಳಿ ಸಾಗಹಾಕುವವಳು ನಾನು. ಮೊನ್ನೆ ಗುಡಿಯಿಂದ ಇಳಿದು ಬಂದ ಒಬ್ಬ ಅಜ್ಜಿ ಕತೆ ಪೂರ್ತಿ ಕೇಳಿ, ಕೈಯಲ್ಲಿದ್ದ ತೀರ್ಥದ ಬಾಟಲಿಯನ್ನೇ ನೋಡುತ್ತ ಒಂದು ಮಾತು ಕೇಳಿದರು.

"ಅಲ್ಲವ್ವಾ, ಆವತ್ತು ಆ ಜೇನನ್ನ ತಲೆ ಮೇಲೆ ಸುರೀವಾಗ, ದೇವ್ರು ಬೇಡ ಅನ್ಲಿಲ್ವಾ?"